ಔರಾದಿನ ಹನ್ನೊಂದನೆಯ ಆಟಗಾರ

ಫುಟ್‌ಬಾಲ್ ಪಂದ್ಯದ ನಟ್ಟನಡುವೆ, ಗೋಲು ನಾಲ್ಕು ಮಾರು ದೂರದಲ್ಲಿರುವಾಗ, ಚೆಂಡನ್ನು ಬಿಟ್ಟು ಎದುರಾಳಿಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಆಟಗಾರನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

ನಾನು ಕಂಡೆ. ಹೋದ ಶುಕ್ರವಾರ. ನಮ್ಮ ಬೀದರಿನಲ್ಲೇ, ಕಿಲ್ಲೆಯ ಹೊರಗಿನ ಮೈದಾನದಲ್ಲಿ. ಕೈಯಲ್ಲಿ ಕೆಂಪು ನಿಶಾನೆ ಹಿಡಿದು ಗೆರೆಯ ಮೇಲೆ ಓಡಾಡುತ್ತಿದ್ದ ಲೈನ್ಸ್‌ಮನ್ ನಾನೇ ಆಗಿದ್ದೆ. ಹೀಗಾಗಿ ಇದು ಕೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು. (ಲೈನ್ಸ್‌ಮನ್ ಎಂದರೆ, ಆಟ ಬಾರದವನಿಗೆ ಮೈದಾನದಲ್ಲಿ ಸಿಗುವ ಮರ್ಯಾದೆಯ ಜಾಗ.)

ಮೊದಲು ಈ ಪಂದ್ಯದ ಹಿಂದಿನ ಕಥೆ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಜಿಲ್ಲೆಯ ಶಾಲೆಗಳ ಟೂರ್ನಮೆಂಟಿನಲ್ಲಿ ಎರಡು ಗುಂಪು. ಬೀದರಿನ ಶಾಲೆಗಳದ್ದು ಶಹರ ಗುಂಪು. ಭಾಲ್ಕಿ, ಔರಾದಿನ ಶಾಲೆಗಳದ್ದು ತಾಲ್ಲೂಕು ಗುಂಪು. ಎರಡೂ ಗುಂಪಿನಲ್ಲಿ ಗೆದ್ದವರು ಕೊನೆಗೆ ಒಬ್ಬರಿಗೊಬ್ಬರು ಎದುರಾಗುತ್ತಾರೆ. ಆ ಫೈನಲ್ ಯಾವಾಗಲೂ ಬೀದರಿನಲ್ಲೇ. ಯಾಕೆ? ಒಮ್ಮೆ ಕೇಳಿದ್ದೆ. ಕುರ್ಚಿಗಳಿರುವುದು ಬೀದರಿನಲ್ಲಿ ಎಂಬ ಉತ್ತರ ಬಂತು.

ಶಹರ ಗುಂಪಿನ ಬೆನ್ನಿಗೆ ಒಬ್ಬ ಜಾಗೀರದಾರರಿದ್ದಾರೆ, ಬಟ್ಟೆ ವ್ಯಾಪಾರಿಗಳಿದ್ದಾರೆ, ಎಲ್ಲರಿಗಿಂತ ಮುಂದೆ ನಮ್ಮ ಕಮಿಟಿಯ ಸೆಕ್ರೆಟರಿ ವಕೀಲ ಸಾಹೇಬರಿದ್ದಾರೆ. ಹುಡುಗರಿಗೆ ಬೂಟು, ಪಟ್ಟೆಪಟ್ಟೆಯ ಅಂಗಿ, ಬೆಳಗ್ಗೆ ಲೋಟ ತುಂಬ ಹಾಲು.

ತಾಲ್ಲೂಕು ಗುಂಪಿನ ಬೆನ್ನಿಗೆ ಯಾರಿದ್ದಾರೆ? ಬೆನ್ನಿಗೆ ಬಿಸಿಲಿದೆ. ಇಡೀ ಗುಂಪಿಗೆ ಒಂದೇ ಚೆಂಡು. ಒಂದು ವಾರ ಭಾಲ್ಕಿಯಲ್ಲಿದ್ದರೆ ಮುಂದಿನ ವಾರ ಸಂತೆಯ ಬಂಡಿ ಹತ್ತಿ ಔರಾದಿಗೆ ಹೋಗುತ್ತದೆ. ಜೋಳದ ಚೀಲಗಳ ಮೇಲೆ ಕುಳಿತು, ಬೀಗರ ಊರಿಗೆ ಹೊರಟ ಹಿರಿಯರ ಹಾಗೆ. ಚೆಂಡು ಬಾರದ ವಾರ ಹುಡುಗರು ಚಿಂದಿ ಬಟ್ಟೆಯ ಉಂಡೆ ಒದೆಯುತ್ತಾರೆ.

ಚಂದಾ ಹಂಚುವುದಕ್ಕೂ ಕಮಿಟಿಯ ಒಂದು ನಿಯಮವಿದೆ. ಗೆದ್ದ ಗುಂಪಿಗೆ ಮುಕ್ಕಾಲು ಪಾಲು, ಸೋತ ಗುಂಪಿಗೆ ಉಳಿದದ್ದು. ಗೆದ್ದವರಿಗೆ ಉತ್ತೇಜನ ಬೇಕಲ್ಲವೇ? ಆ ಉತ್ತೇಜನದಿಂದ ಶಹರದವರು, ಬೀದರಿನಲ್ಲೇ ಉಂಡು ಇದ್ದು ಓದಲು, ಒಂದು ಬೋರ್ಡಿಂಗ್ ನಡೆಸುತ್ತಾರೆ. ‘ತಾಲ್ಲೂಕಿನ ಪ್ರತಿಭಾವಂತ ಬಡ ಹುಡುಗರಿಗಾಗಿ’ ಎಂದು ಬಾಗಿಲ ಮೇಲೆ ಬರೆಸಿದ್ದಾರೆ. ಒಳ್ಳೆಯ ಕೆಲಸ, ಸಂಶಯವಿಲ್ಲ. ಪ್ರತಿಭೆಯನ್ನು ಹೇಗೆ ಅಳೆಯುತ್ತಾರೆ ಎನ್ನುತ್ತೀರಾ? ಒದ್ದ ಚೆಂಡು ಎಷ್ಟು ದೂರ ಹೋಯಿತು ಎಂದು.

ಹೀಗಾಗಿ ಔರಾದಿನಲ್ಲಿ ಯಾರ ಕಾಲಿಗೆ ಶಕ್ತಿ ಬಂತೋ, ಆ ಕಾಲು ಮುಂದಿನ ವರ್ಷ ಬೀದರಿನ ಬೂಟಿನಲ್ಲಿರುತ್ತದೆ. ಈ ಸಲ ಶಹರದ ಟೀಮಿನಲ್ಲಿ ಅರ್ಧಕ್ಕೆ ಅರ್ಧ ಹುಡುಗರು ತಾಲ್ಲೂಕಿನವರು, ಗೋಲು ಹೊಡೆಯುವ ಮುಂದಿನ ಸಾಲಂತೂ ಪೂರ್ತಿ ಅವರದೇ. ಅವರಲ್ಲಿ ಸಂತಪುರದ ಗುರುಬಸಪ್ಪನೆಂಬವನು ಮುಂದಾಳು. ಅವನು ಒದ್ದರೆ ಚೆಂಡು ಅಳುತ್ತದೆ ಎಂದು ಹುಡುಗರು ಹೇಳುತ್ತಾರೆ.

ಇಷ್ಟಾದ ಮೇಲೆ ವಕೀಲ ಸಾಹೇಬರಿಗೆ ಒಂದು ಬೇಸರ ಹತ್ತಿತು. ತಾಲ್ಲೂಕಿನವರು ಸರಿಯಾಗಿ ಆಡುವುದೇ ಇಲ್ಲ ಎಂಬ ಬೇಸರ!

ಕಮಿಟಿಯ ಸಭೆಯಲ್ಲಿ ಎದ್ದು ನಿಂತು ಹೇಳಿದರು: “ವರ್ಷಾ ವರ್ಷಾ ಇದೇ ಹಾಡು. ಅವರು ಬರ್ತಾರ, ಸೋಲ್ತಾರ, ಉಂಡು ಹೋಗ್ತಾರ. ನೋಡೋ ಮಂದಿಗಿ ಮಜಾ ಇಲ್ಲ. ಮುಂದಿನ ವರ್ಷದಿಂದ ಕಪ್ ಶಹರದವರ ನಡುವೇ ಇರ್ಲಿ. ತಾಲ್ಲೂಕಿನವರು ತಮ್ಮ ತಮ್ಮೊಳಗ ಆಡ್ಕೊಳ್ಲಿ. ಚಂದಾದಾಗ ಅವರ ಪಾಲೂ ಉಳೀತದ.”

ಸಭೆಗೆ ಔರಾದಿನಿಂದ ಶಿವಲಿಂಗಪ್ಪ ಮಾಸ್ತರರು ಬಂದಿದ್ದರು. ಅಲ್ಲಿಯ ಶಾಲೆಯಲ್ಲಿ ಲೆಕ್ಕ ಕಲಿಸುವವರೂ ಅವರೇ, ಡ್ರಿಲ್ ಮಾಡಿಸುವವರೂ ಅವರೇ, ಚೆಂಡಿನ ಬ್ಲಾಡರಿಗೆ ಗಾಳಿ ಊದುವವರೂ ಅವರೇ. ಬಾಗಿಲ ಹತ್ತಿರದ ಬೆಂಚಿನಿಂದ ಎದ್ದರು.

“ಸಾಹೇಬ್ರ, ಹಂಗ ಮಾಡಬ್ಯಾಡ್ರಿ. ನಮ್ಮ ಕಡಿ ಹುಡುಗರು ಸಾಲಿಗಿ ಬರೋದೇ ಚೆಂಡಿನ ಸಲುವಾಗಿ. ಮಗ್ಗಿ ಕೇಳ್ಲಿಕ್ಕೆ ಯಾವನೂ ಬರಂಗಿಲ್ರಿ. ಚೆಂಡ್ ತೋರಿಸಿ ಕರೀತೇನಿ, ಆಮ್ಯಾಲ ಬಾಗಿಲಾ ಹಾಕಿ ಮಗ್ಗಿ ಕಲಸ್ತೇನಿ. ಬೀದರಕ್ಕ ಹೋಗಿ ಆಡೋದು ಇಲ್ಲಂದ್ರ ಅವರ ಅಪ್ಪಂದಿರು ನಾಳಿಗೇ ಎತ್ತಿನ ಹಿಂದ ಹಚ್ತಾರ.”

ಪತ್ರಿಕೆಗೆ ಬರೆಯುವ ನಾನೂ ಕಮಿಟಿಯಲ್ಲೊಬ್ಬ. ಎದ್ದು ಒಂದು ಮಾತು ಹೇಳಲು ಬಾಯಿ ತೆರೆದೆ. “ಪತ್ರಿಕಾದವರ, ಚಹಾ ತಗೋರಿ” ಎಂದರು ವಕೀಲ ಸಾಹೇಬರು. ನಮ್ಮ ಕಮಿಟಿಯಲ್ಲಿ ಭಿನ್ನಾಭಿಪ್ರಾಯಕ್ಕೆ ಚಹಾ ಎನ್ನುತ್ತಾರೆ.

ಆದರೂ ಸಾಹೇಬರು ನ್ಯಾಯವಂತರು. “ಆತು, ಈ ವರ್ಷದ ಫೈನಲ್ ಗೆದ್ದು ತೋರಿಸ್ರಿ. ಗೆದ್ರ ತಾಲ್ಲೂಕು ಗುಂಪು ಇರ್ತದ. ಸೋತ್ರ ಇಲ್ಲ” ಎಂದರು. ಇದಕ್ಕಿಂತ ನ್ಯಾಯ ಬೇಕೇ? ಕುದುರೆಯನ್ನು ನೀವು ಒಯ್ದು, ಲಗಾಮು ಅವರ ಕೈಗೆ ಕೊಟ್ಟು, ಶರ್ಯತ್ತು ಸಮಾನವಾಗಿದೆ ಎನ್ನುವುದು!

ತಾಲ್ಲೂಕು ಗುಂಪಿನ ಪಂದ್ಯದಲ್ಲಿ ಔರಾದಿನವರು ಭಾಲ್ಕಿಯವರನ್ನು ಸೋಲಿಸಿದರು. ಸೋತವರು ಸಿಟ್ಟಾಗಲಿಲ್ಲ. ಮೈಮೇಲಿನ ಅಂಗಿ ಬಿಚ್ಚಿ ಗೆದ್ದವರಿಗೆ ಕೊಟ್ಟರು. “ಬೀದರಕ್ಕ ಹೋಗ್ತೀರಿ, ನೆಟ್ಟಗ ಕಾಣ್ರಿ” ಎಂದು. ಅವರಲ್ಲೊಬ್ಬ ಹಲಬರ್ಗಾದ ದಾಂಡಿಗ ಹುಡುಗ. ಅವನ ಅಂಗಿ ಔರಾದಿನ ಗೋಲಿಗೆ ನಿಲ್ಲುವವನ ಮೊಣಕಾಲಿನ ತನಕ ಬಂತು. ಗೋಲು ಕಾಯಲು ಅದೂ ಉಪಯೋಗಕ್ಕೆ ಬೀಳಬಹುದು ಎಂದು ಮಾಸ್ತರರು ಸಮಾಧಾನಪಟ್ಟುಕೊಂಡರು.

ಆದರೆ ಟೀಮಿಗೆ ಹನ್ನೊಂದು ಜನ ಬೇಕು. ಭಾಲ್ಕಿಯ ಎದುರು ಹೇಗೋ ಆಡಿ ಗೆದ್ದವರು ಹತ್ತೇ ಜನ. ಹನ್ನೊಂದನೆಯವನಾಗಿ ಮಾಸ್ತರರು ಚನ್ನಯ್ಯನನ್ನು ಗೋಲು ಕಾಯುವವನ ಮುಂದೆ ಅಡ್ಡ ನಿಲ್ಲಿಸಿದರು.

ಈ ಚನ್ನಯ್ಯ ಸಂತಪುರದ ಅಯ್ಯನವರ ಮಗ, ಜಂಗಮರ ಮನೆತನ. ಬಡಕಲು ಮೈ, ಲೆಕ್ಕದಲ್ಲಿ ಹುಲಿ. ಆಟದಲ್ಲಿ ಮಾತ್ರ ಚೆಂಡು ಒಂದು ಕಡೆ ಹೋದರೆ ಇವನು ಇನ್ನೊಂದು ಕಡೆ. ಬೋರ್ಡಿಂಗಿನವರು ಎಷ್ಟೋ ಸಲ ಔರಾದಿಗೆ ಹೋಗಿ ಹುಡುಗರನ್ನು ಆರಿಸಿ ತಂದರೂ ಇವನತ್ತ ತಿರುಗಿ ನೋಡಿರಲಿಲ್ಲ. ಬೆಳಗ್ಗೆ ಜೋಳಿಗೆ ಹಾಕಿಕೊಂಡು ಭಿಕ್ಷೆಗೆ ಹೋಗಿ ಬಂದು, ಆಮೇಲೆ ಶಾಲೆಗೆ ಬರುತ್ತಾನೆ. ವಯಸ್ಸು ಚಿಕ್ಕದಾದರೂ ಊರವರಿಗೆಲ್ಲ ‘ಅಯ್ನೋರು’. ಶಿವಲಿಂಗಪ್ಪ ಮಾಸ್ತರರು ಛಡಿ ಎತ್ತಿದಾಗಲೂ “ಅಯ್ನೋರ, ಕೈ ಮುಂದ ಮಾಡ್ರಿ” ಎಂದೇ ಹೊಡೆಯುವುದು.

ನಮ್ಮ ಸಂಸ್ಥಾನದಲ್ಲಿ ಶುಕ್ರವಾರ ರಜೆ. ಮೈದಾನ ತುಂಬಿತ್ತು. ಕುರ್ಚಿಗಳ ಮೇಲೆ ಶಹರದವರು, ಬಂಡಿಗಳ ಮೇಲೆ ತಾಲ್ಲೂಕಿನವರು. ಗೋಲಿನ ಪಕ್ಕದಲ್ಲೇ ನಿಂತ ಒಂದು ಬಂಡಿಯಲ್ಲಿ ಗುರುಬಸಪ್ಪನ ತಾಯಿ ಕುಳಿತಿದ್ದಳು. ಬೀದರಿನಲ್ಲಿ ಮಗ ಬೂಟು ಹಾಕಿ ಓಡುವುದನ್ನು ನೋಡಲೆಂದೇ ಸಂತಪುರದಿಂದ ಬಂದವಳು.

ರೆಫರಿ ಹಮೀದ್ ಸಾಹೇಬರು ಸೀಟಿ ಊದಿದರು. ಶಹರದ ಹುಡುಗರು ಎದುರಿದ್ದವರನ್ನೆಲ್ಲ ದಾಟಿ ಹೋದರು. ಗುರುಬಸಪ್ಪ ಚೆಂಡು ತೆಗೆದುಕೊಂಡು ಗೋಲಿನ ಹತ್ತಿರ ಬಂದ. ಚನ್ನಯ್ಯ ಓಡಲಿಲ್ಲ, ಹೆದರಿ ನಿಂತಲ್ಲೇ ನಿಂತ. ಬೂಟಿನ ತುದಿ ಅವನ ಕಾಲಿಗೆ ತಾಗಿತು.

ಮುಗಿಯಿತು. ಗುರುಬಸಪ್ಪ ಹಾವು ತುಳಿದವನ ಹಾಗೆ ನಿಂತ. ಬಗ್ಗಿದ, ಚನ್ನಯ್ಯನ ಪಾದ ಮುಟ್ಟಿದ, ಎರಡೂ ಕೈ ಕಣ್ಣಿಗೆ ಒತ್ತಿಕೊಂಡ. “ತಪ್ಪಾತ್ರಿ ಅಯ್ನೋರ” ಎಂದ.

ಗುರುಬಸಪ್ಪ ಕೂಸಾಗಿದ್ದಾಗ ಇವನ ಕೊರಳಿಗೆ ಲಿಂಗ ಕಟ್ಟಿದ್ದು ಆ ಮನೆತನದವರು. ದಿನವೂ ಬೆಳಗ್ಗೆ ಇವನ ತಾಯಿ ಬಾಗಿಲಿಗೆ ಬಂದು ಹಿಟ್ಟು ನೀಡುವುದು ಆ ಜೋಳಿಗೆಗೆ. ಅಂಥ ಅಯ್ಯನವರಿಗೆ ಕಾಲು ತಾಗುವುದೆಂದರೇನು! ಬೋರ್ಡಿಂಗಿನ ಹಾಲು ನಿನ್ನೆ ಮೊನ್ನೆಯದು. ಇದು ತೊಟ್ಟಿಲಲ್ಲಿ ಕಲಿತದ್ದು.

ಅಷ್ಟರಲ್ಲಿ ಔರಾದಿನವರು ಚೆಂಡನ್ನು ಹೊರಗೆ ಒದ್ದಿದ್ದರು.

ಮತ್ತೆ ಬಂದರು, ಮತ್ತೆ ಅದೇ. ಒಮ್ಮೆ ಗುರುಬಸಪ್ಪ, ಒಮ್ಮೆ ಅವನ ಊರಿನ ಇನ್ನೊಬ್ಬ, ಒಮ್ಮೆ ಪಕ್ಕದ ಊರಿನವನು. ಚನ್ನಯ್ಯನ ಹತ್ತಿರ ಬಂದರೆ ಸಾಕು, ಕಾಲು ಹಿಂದಕ್ಕೆ, ಕೈ ಮುಂದಕ್ಕೆ. ಪಾಪ ಚನ್ನಯ್ಯ! ನಮಸ್ಕಾರ ಮಾಡಿದವರಿಗೆ ಆಶೀರ್ವಾದ ಮಾಡದೆ ಇರಲಾದೀತೇ? ಕೈ ಎತ್ತುತ್ತಿದ್ದ. ಕೈಗೆ ಚೆಂಡು ತಾಗಿದರೆ ಫೌಲ್ ಎಂಬ ಭಯ ಬೇರೆ.

ಹಮೀದ್ ಸಾಹೇಬರು ಆಟ ನಿಲ್ಲಿಸಿ ಹತ್ತಿರ ಬಂದರು. “ಕ್ಯಾ ಮಿಯಾಂ, ಖೇಲ್ನೆ ಕು ಆಯೆ ಕಿ ಜಿಯಾರತ್ ಕು?” ಎಂದರು. ಆಡಲು ಬಂದಿರೋ, ದರ್ಗಾಕ್ಕೆ ನಡೆದುಕೊಳ್ಳಲು ಬಂದಿರೋ ಎಂದು. ಬಂಡಿಗಳ ಮೇಲಿನವರು ನಕ್ಕರು. ಕುರ್ಚಿಯವರು ನಗಲಿಲ್ಲ.

ಅರ್ಧ ಆಟ ಮುಗಿಯಿತು. ಯಾರಿಗೂ ಗೋಲಿಲ್ಲ. ವಕೀಲ ಸಾಹೇಬರು ಕುರ್ಚಿ ಬಿಟ್ಟು ಮೈದಾನಕ್ಕೆ ಇಳಿದರು. ಮೊದಲು ಗುರುಬಸಪ್ಪನ ಮೇಲೆ ಹರಿಹಾಯ್ದರು.

“ಯಾಕೋ, ದಿನಾ ಹಾಲ್ ಕುಡಿಸೋದು ಯಾರು?”

“ನೀವ್ರಿ.”

“ಬೂಟ್ ಕೊಟ್ಟಿದ್ದು?”

“ನೀವೇ ರೀ ಸಾಹೇಬ್ರ.”

“ಮತ್ತ?”

“ಅಯ್ನೋರಿಗಿ ಕಾಲು ಹತ್ತಿತಂದ್ರ ನಮ್ಮವ್ವ ಮನ್ಯಾಗ ಕರ್ಕೊಳ್ಳಂಗಿಲ್ರಿ.”

ಅವ್ವ ಬಂಡಿಯಿಂದಲೇ ಕೇಳಿಸಿಕೊಂಡಳು. “ಹೌದ್ ನೋಡು! ಏ ಗುರ್ಯಾ, ಅಯ್ನೋರನ್ನ ಒದ್ದು ಗೆದ್ದಿ ಅಂದ್ರ ಹಂಗೇ ಬೀದರದಾಗ ಇರು. ಊರ್ ಕಡಿ ಮುಖಾ ತೋರಿಸಬ್ಯಾಡ!”

ಸಾಹೇಬರು ಕೋರ್ಟಿನವರು. ಅಡ್ಡಿ ಬಂದರೆ ದಾರಿ ಹುಡುಕುವುದು ಅವರ ಕಸುಬು. ನೇರವಾಗಿ ಮಾಸ್ತರರ ಹತ್ತಿರ ಹೋದರು. “ಇದು ಮೋಸ. ಬೇಕಂತಲೇ ಅಯ್ನೋರನ್ನ ತಂದು ಅಲ್ಲಿ ನಿಲ್ಲಿಸೀರಿ.”

ಮಾಸ್ತರರು ಶಾಂತವಾಗಿ ಹೇಳಿದರು: “ಉಳದವರನ್ನೆಲ್ಲಾ ನೀವೇ ಒಯ್ದೀರಿ ಸಾಹೇಬ್ರ. ಇವರೊಬ್ಬರು ಉಳದಿದ್ರು.”

ಆಗ ಸಾಹೇಬರು ಮಾಡಿದ್ದನ್ನು ನೋಡಿ ನನಗೆ ಅವರ ಮೇಲೆ ನಿಜವಾಗಿ ಗೌರವ ಬಂತು. ಚನ್ನಯ್ಯನ ಮುಂದೆ ಹೋಗಿ ನಿಂತು, ಮೆತ್ತಗೆ ಕೇಳಿದರು: “ಅಯ್ನೋರ, ಆಟದಾಗ ಕಾಲು ಹತ್ತಿದ್ರ ದೋಷ ಇಲ್ಲಂತ ನೀವೇ ಒಂದ್ ಮಾತು ಅಪ್ಪಣೆ ಕೊಡ್ರಿ. ನಿಮ್ಮ ಮಾತು ಅವರು ಮೀರಂಗಿಲ್ಲ.”

ಚನ್ನಯ್ಯ ಮಾಸ್ತರರ ಮುಖ ನೋಡಿದ. ಮಾಸ್ತರರು ನೆಲ ನೋಡಿದರು. ಈ ಹುಡುಗ ‘ಇಲ್ಲ’ ಎಂದರೆ ಔರಾದಿನ ಆಟ ಉಳಿಯುತ್ತದೆ, ಶಾಲೆಗೆ ಬರುವ ಹುಡುಗರು ಉಳಿಯುತ್ತಾರೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಹೇಳಿಕೊಡಲಿಲ್ಲ.

“ಕ್ಷಮಾ ಬೇಡಿದವರಿಗಿ ಇಲ್ಲ ಅನಬಾರ್ದಂತ ನಮ್ಮಪ್ಪಾ ಹೇಳ್ಯಾರ್ರಿ” ಎಂದ ಚನ್ನಯ್ಯ. ಊರ ಹುಡುಗರನ್ನು ಕರೆದ. “ಆಟದಾಗ ದೋಷಿಲ್ಲ. ನಾ ಮನ್ನಿಸೇನಿ. ಬಿರ್ರನೆ ಆಡ್ರಿ.” ಬಂಡಿಯಲ್ಲಿದ್ದ ಗುರುಬಸಪ್ಪನ ತಾಯಿಗೂ ಕೈ ಮುಗಿದು ಹೇಳಿ ಬಂದ. ಅಯ್ಯನವರೇ ಹೇಳಿದ ಮೇಲೆ ಅವಳಾದರೂ ಏನು ಹೇಳಿಯಾಳು? ಸೆರಗು ತಲೆಗೆ ಎಳೆದುಕೊಂಡು ತಾನೂ ಕೈ ಮುಗಿದಳು.

ಮಾಸ್ತರರು ನನ್ನ ಪಕ್ಕಕ್ಕೆ ಬಂದು ನಿಂತರು. “ಹೋತ್ರಿ ನಮ್ಮ ಸಾಲಿ” ಎಂದರು, ಅಷ್ಟೇ.

ಆಟ ಮತ್ತೆ ಶುರುವಾಯಿತು. ಈಗ ಶಹರದವರು ನಿಜವಾಗಿಯೂ ಬಿರ್ರನೆ ಆಡಿದರು. ಹಲಬರ್ಗಾದ ಅಂಗಿಯ ಹುಡುಗ ಗೋಲಿನಲ್ಲಿ ಬಿದ್ದು ಎದ್ದು, ಕೆಂಪು ಮುರುಮಿನ ಗಟ್ಟಿ ನೆಲಕ್ಕೆ ಮೊಣಕೈ ಕೆತ್ತಿಸಿಕೊಂಡ. ಕಂಬಕ್ಕೆ ಬಡಿದು ಒಂದು ಚೆಂಡು ವಾಪಸು ಬಂತು. ಮಾಸ್ತರರ ತುಟಿ ಅಲುಗುತ್ತಿತ್ತು. ಮಗ್ಗಿಯೋ ಮಂತ್ರವೋ ತಿಳಿಯಲಿಲ್ಲ.

ಕೊನೆಗೆ ಗುರುಬಸಪ್ಪ ಒಬ್ಬನೇ ನುಗ್ಗಿ ಬಂದ. ಮುಂದೆ ಚನ್ನಯ್ಯ ಮಾತ್ರ, ಗೋಲು ಕಾಯುವವನು ಇನ್ನೂ ನೆಲದಿಂದ ಏಳುತ್ತಿದ್ದ. ಗುರುಬಸಪ್ಪ ಈ ಸಲ ಅನುಮಾನಿಸಲಿಲ್ಲ. ಬೀಸಿ ಒದ್ದ. ಚೆಂಡು ಚನ್ನಯ್ಯನ ಎದೆಗೆ ಬಡಿಯಿತು. ಹುಡುಗ ಅಂಗಾತ ಬಿದ್ದ.

ಅಪ್ಪಣೆ ಆಗಿತ್ತು, ದೋಷವಿಲ್ಲ ಎಂದು ಹೇಳಿಯಾಗಿತ್ತು. ಚೆಂಡು ಗುರುಬಸಪ್ಪನ ಕಾಲ ಬಳಿಗೇ ಉರುಳಿ ಬಂದಿತ್ತು. ಇನ್ನೊಮ್ಮೆ ಮುಟ್ಟಿದ್ದರೆ ಸಾಕು, ಗೋಲು. ಆದರೆ ಅಪ್ಪಣೆ ಕೇಳಿದ್ದು ಅವನ ಕಿವಿ. ಕೈಗೆ ಯಾರು ಹೇಳಬೇಕು? ಅದು ತನ್ನಷ್ಟಕ್ಕೆ ತಾನೇ ಕೆಳಗಿಳಿಯಿತು. ಗುರುಬಸಪ್ಪ ಮಂಡಿಯೂರಿ ಬಿದ್ದವನ ಪಾದ ಮುಟ್ಟಿದ, ಕಣ್ಣಿಗೆ ಒತ್ತಿಕೊಂಡ. ಅವನ ಹಿಂದಿದ್ದ ಸಂತಪುರದವನೂ ಬಗ್ಗಿದ.

ಔರಾದಿನವರಲ್ಲಿ ಒಬ್ಬ ಕುಂಬಾರರ ಹುಡುಗ. ಅವನಿಗೆ ಇಷ್ಟು ಸಮಯ ಸಾಕಾಯಿತು. ಚೆಂಡನ್ನು ಕಾಲಿಗೆ ತೆಗೆದುಕೊಂಡು ಆ ತುದಿಯ ತನಕ ಓಡಿ, ಎದುರು ಬಂದವನಿಗೆ ಡಿಕ್ಕಿ ಹೊಡೆದು, ಒದ್ದನೋ ಎಡವಿದನೋ ದೇವರೇ ಬಲ್ಲ. ಚೆಂಡು ಮಾತ್ರ ಗೋಲಿನೊಳಗೆ!

ಮಾಸ್ತರರು ನನ್ನ ಕೈಯ ನಿಶಾನೆ ಕಸಿದುಕೊಂಡು ಅದರಿಂದಲೇ ಕಣ್ಣು ಒರೆಸಿಕೊಂಡರು.

ಆಟ ಮುಗಿದ ಕೂಡಲೇ ವಕೀಲ ಸಾಹೇಬರು ತಕರಾರು ತೆಗೆದರು. ನಮಸ್ಕಾರದಿಂದ ಆಟ ಕೆಟ್ಟಿದೆ, ಪಂದ್ಯ ರದ್ದಾಗಬೇಕು ಎಂದರು. ಹಮೀದ್ ಸಾಹೇಬರು ಸೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತ, “ವಕೀಲ್ ಸಾಬ್, ಸಲಾಂ ಕರ್ನಾ ಮನಾ ಹೈ ಕರ್ಕೆ ಕಾನೂನ್‌ಮೆ ಕಹಾಂ ಲಿಖೇ?” ಎಂದರು. ವಂದಿಸಬಾರದೆಂದು ಯಾವ ಕಾನೂನಿನಲ್ಲಿ ಬರೆದಿದೆ? ವಕೀಲರಿಗೇ ಕಾನೂನು ಕೇಳಿದ ಮೇಲೆ ಅವರು ತಕರಾರು ಹಿಂದಕ್ಕೆ ತೆಗೆದುಕೊಳ್ಳಲೇಬೇಕಾಯಿತು. ಕಪ್ ಔರಾದಿಗೆ. ತಾಲ್ಲೂಕು ಗುಂಪು ಉಳಿಯಿತು.

ಸಂಜೆಗೆ ಚಂದಾ ಹಂಚಲು ಕಮಿಟಿ ಕೂಡಿತು. ಗೆದ್ದ ಗುಂಪಿಗೆ ಮುಕ್ಕಾಲು ಪಾಲು ಎಂಬ ನಿಯಮವನ್ನು ನಾನೇ ನೆನಪಿಸಿದೆ.

“ಖರೆ ಅದ. ಆದ್ರ ನಿಯಮದ ಉದ್ದೇಶ ಏನು? ಉತ್ತೇಜನ. ತಾಲ್ಲೂಕಿನವರಿಗಿ ಕಪ್ಪಿನಿಂದಲೇ ಬೇಕಾದಷ್ಟು ಉತ್ತೇಜನ ಸಿಕ್ಕದ” ಎಂದರು ಸಾಹೇಬರು. “ಸೋತವರಿಗೇ ಅಲ್ಲೇನ್ರಿ ಈಗ ತಯಾರಿ ಬೇಕಾದದ್ದು?”

ನಾನು ಮತ್ತೆ ಬಾಯಿ ತೆರೆದೆ. ಚಹಾ ಬಂತು. ಈ ಸಲ ಬಿಸ್ಕೀಟೂ ಇತ್ತು.

ಅದೇ ಸಭೆಯಲ್ಲಿ ಇನ್ನೊಂದು ಠರಾವೂ ಪಾಸಾಯಿತು. ಸಂತಪುರದ ಚನ್ನಯ್ಯನಲ್ಲಿ ಅಸಾಧಾರಣ ಪ್ರತಿಭೆ ಕಂಡುಬಂದಿರುವುದರಿಂದ ಅವನಿಗೆ ಬೋರ್ಡಿಂಗಿನಲ್ಲಿ ಸೀಟು ಕೊಡತಕ್ಕದ್ದು!

ಆ ರಾತ್ರಿ ಔರಾದಿನವರೆಲ್ಲ ನಮ್ಮ ಮನೆಯಲ್ಲೇ ಉಂಡರು. ನಮ್ಮ ಅವ್ವ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಮೊದಲ ತುತ್ತು ಅಯ್ಯನವರದು ಎಂದು ಚನ್ನಯ್ಯನಿಗೇ ಮೊದಲು ಬಡಿಸಿದಳು. “ಇಷ್ಟ್ ಸಣ್ಣ ಎದಿ ಒಳಗ ಅಷ್ಟ್ ದೊಡ್ಡ ಚೆಂಡ್ ಹ್ಯಾಂಗ ತಡದ್ರಿ ಅಯ್ನೋರ?” ಎಂದಳು.

“ಸರೀಲಿಕ್ಕೆ ಟೈಮ್ ಸಿಗಲಿಲ್ರಿ ಅಮ್ಮಾ” ಎಂದ ಚನ್ನಯ್ಯ. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ. “ಮಾಸ್ತರ್ರ, ಬೋರ್ಡಿಂಗಿಗಿ ಹೋಗ್ಲೇನ್ರಿ?”

ಮಾಸ್ತರರು ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟರು.

“ಹೋಗ್ರಿ ಅಯ್ನೋರ.”

“ಮತ್ತ ಮುಂದಿನ ವರ್ಷ ಟೀಮಿಗಿ?”

“ಟೀಮಿನ ಚಿಂತಿ ನಂದು. ನನ್ನ ಸಾಲ್ಯಾಗ ನಿಮಗ ಕಲಸೋದು ಮುಗದದ. ಕಲತದ್ದೇ ಮತ್ತ ಎಷ್ಟ್ ಸಲ ಕಲೀತೀರಿ? ಅವರು ಯಾವ ಕಾರಣಕ್ಕರೆ ಕರೀಲಿ, ಬೀದರದಾಗ ದೊಡ್ಡ ಸಾಲಿ ಅದ. ನೀವು ಪುಸ್ತಕ ನೋಡ್ರಿ, ಅವರು ನಿಮ್ಮ ಕಾಲು ನೋಡ್ಲಿ.”

ಅವ್ವ ಮಾಸ್ತರರ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಅವರು ಬೇಡವೆನ್ನಲಿಲ್ಲ.

ನಾನಾದರೂ ಏನು ಮಾಡಲಿ? ಹುಡುಗನಿಗೆ ಓದು ಸಿಕ್ಕಿತೆಂದು ಸಂತೋಷಪಡಲೋ? ಲೆಕ್ಕದಲ್ಲಿ ಹುಲಿಯಾಗಿದ್ದಾಗ ಸಿಗದ ಸೀಟು, ಆಡಲು ಬಾರದೆ ಬಿದ್ದದ್ದಕ್ಕೆ ಸಿಕ್ಕಿತೆಂದು ನಗಲೋ? ಮುಂದಿನ ವರ್ಷ ಇದೇ ಚನ್ನಯ್ಯ ಶಹರದ ಗೋಲಿನ ಮುಂದೆ ನಿಂತಿರುತ್ತಾನೆ. ಆಗ ಬಗ್ಗಬೇಕಾದವರು ಔರಾದಿನ ಹುಡುಗರು. ಹಣವಿದ್ದವರು ಕಾಲನ್ನು ಕೊಂಡದ್ದು ಹಳೆಯ ಸುದ್ದಿ. ಈಗ ಕೈ ಮುಗಿಯುವ ಪದ್ಧತಿಯನ್ನೂ ಸೀಟು ಕೊಟ್ಟು ಸೇರಿಸಿಕೊಂಡರು.

ಮರುದಿನ ಬೆಳಗ್ಗೆ ಔರಾದಿನ ಬಂಡಿಗಳು ಹೊರಟವು. ಮಾಸ್ತರರು ಕಪ್ಪನ್ನು ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ಒಂದ್ ವರ್ಷ ಸಿಕ್ತು ಬಿಡ್ರಿ. ಒಂದ್ ವರ್ಷದಾಗ ಏಳರ ಮಗ್ಗಿ ತನಾ ಆದ್ರೂ ಒಯ್ತೇನಿ ಆ ಪೋರಗೋಳನ್ನ” ಎಂದರು.

ಬೀಳ್ಕೊಡಲು ವಕೀಲ ಸಾಹೇಬರೂ ಬಂದಿದ್ದರು. ಸಣ್ಣ ಮನಸ್ಸಿನವರಲ್ಲ ಅವರು. ಬಂಡಿಗಳ ಧೂಳು ಇಳಿಯುವ ತನಕ ನಿಂತು, ನನ್ನ ಹೆಗಲ ಮೇಲೆ ಕೈ ಹಾಕಿದರು.

“ಪತ್ರಿಕಾದವರ, ಶಹರಕ್ಕೊಂದು ನ್ಯಾಯ, ತಾಲ್ಲೂಕಿಗೊಂದು ನ್ಯಾಯ ಅಂತ ಯಾವಾಗಲೂ ನಮ್ಮ ಮ್ಯಾಲ ಸಿಟ್ಟು ನಿಮಗ. ಈಗರೆ ನೋಡ್ರಿ, ಎರಡೂ ಗುಂಪು ಸಮ ಆದ್ವು. ಕಪ್ ಅವರ ಕಡಿ, ಆಟಗಾರರು ನಮ್ಮ ಕಡಿ. ಇದನ್ನೂ ಬರೀರಿ.”

ಬರೆದಿದ್ದೇನೆ. ಇನ್ನು ಆ ಕಪ್ಪಿಗೂ ಬೋರ್ಡಿಂಗಿನಲ್ಲಿ ಒಂದು ಸೀಟು ಕೊಟ್ಟುಬಿಟ್ಟರೆ ಸಮಾನತೆ ಪೂರ್ಣವಾಗುತ್ತದೆ, ಅಲ್ಲವೇ?